ಎಲೆಯೊಳಗಿನ ಉದ್ದರಿ ಲೆಕ್ಕ

ಮಾರತ್ತಹಳ್ಳಿಯಿಂದ ಯಮಲೂರಿನ ಕಡೆಗೆ ಹೋದರೆ ಬೆಳ್ಳಂದೂರು ಕೆರೆಯ ಕೋಡಿ ಸಿಗುತ್ತದೆ. 2015ರಲ್ಲಿ ಈ ಕೋಡಿಯಿಂದ ಎದ್ದ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದದ್ದು, ಆ ವರ್ಷದ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿದ್ದು ಈ ಭಾಗದವರಿಗೆಲ್ಲ ನೆನಪಿದೆ. 2017ರ ಫೆಬ್ರವರಿ 16ರಂದು ಕೆರೆ ಮತ್ತೆ ಹೊತ್ತಿಕೊಂಡಿತು. 2018ರ ಜನವರಿ 19ರಂದು ಇನ್ನೊಮ್ಮೆ ಉರಿದಾಗ ಆರಿಸಲು ಸೈನಿಕರೇ ಇಳಿಯಬೇಕಾಯಿತು. ನೀರಿಗೆ ಬೆಂಕಿ ಬೀಳುವುದನ್ನು ಜಗತ್ತೆಲ್ಲ ಟಿವಿಯಲ್ಲಿ ನೋಡಿತು.

ನೊರೆಯನ್ನೂ ಬೆಂಕಿಯನ್ನೂ ಎಲ್ಲರೂ ಕಣ್ಣಾರೆ ಕಂಡರು. ಅದೇ ಕೆರೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇನ್ನೊಂದು ಕೆಲಸ ನಡೆಯುತ್ತಿತ್ತು. ಆ ವರ್ಷಗಳಲ್ಲಿ ನೀರು ಕಾಣದಷ್ಟು ದಟ್ಟವಾಗಿ ಕಳೆ ಹಬ್ಬಿತ್ತು. ಉಬ್ಬಿದ ತೊಟ್ಟಿನ, ತಿಳಿನೇರಳೆ ಹೂವಿನ ಹಯಸಿಂತ್, ದಂಡೆಯುದ್ದಕ್ಕೂ ಆಳೆತ್ತರದ ಜೊಂಡು. ಹಯಸಿಂತನ್ನು ನಮ್ಮಲ್ಲಿ ಅನೇಕರು ಅಂತರಗಂಗೆ ಎಂದೇ ಕರೆಯುತ್ತಾರೆ. ಅಸಲಿ ಅಂತರಗಂಗೆ ಎಳೆಯ ಎಲೆಕೋಸಿನಂತೆ ತೇಲುವ ಬೇರೊಂದು ಗಿಡ. ಕೆರೆ ಏರಿಯ ಮೇಲೆ ನಿಂತವರಲ್ಲಿ ಎರಡು ಮಾತು ಕೇಳಿಬರುತ್ತಿತ್ತು. “ಆ ಗಿಡ ವಿಷ ಹೀರಿಕೊಳ್ಳುತ್ತದಂತೆ, ಇದ್ದರೆ ಒಳ್ಳೆಯದೇ” ಎಂದು ಒಬ್ಬರು. “ಅದನ್ನು ಕಿತ್ತು ಹಾಕದಿದ್ದರೆ ಕೆರೆ ಉಳಿಯುವುದಿಲ್ಲ” ಎಂದು ಇನ್ನೊಬ್ಬರು. ಇಬ್ಬರೂ ಹೇಳಿದ್ದು ನಿಜ.

ಇದಕ್ಕಿಂತ ದೊಡ್ಡ ಒಗಟೊಂದಿದೆ. ಕೊಳಕಾದ ಕೆರೆಯ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಎಷ್ಟೋ ಸಲ ವರದಿಯಲ್ಲಿ ಸೀಸದ ಮುಂದೆ, ಕ್ಯಾಡ್ಮಿಯಂ ಮುಂದೆ ‘ಪತ್ತೆಯಾಗಿಲ್ಲ’ ಎಂದು ಬರುತ್ತದೆ. ಅದೇ ನೀರಿನಲ್ಲಿ ಬೆಳೆದ ಗಿಡದ ಬೇರನ್ನು ಒಣಗಿಸಿ ಪರೀಕ್ಷಿಸಿದರೆ ಸೀಸವೂ ಇರುತ್ತದೆ, ಕ್ಯಾಡ್ಮಿಯಮ್ಮೂ ಇರುತ್ತದೆ. ನೀರಿನಲ್ಲಿ ಇಲ್ಲದ್ದು ಗಿಡಕ್ಕೆ ಎಲ್ಲಿಂದ ಬಂತು?

ಎರಡು ಲಾರಿಯಲ್ಲಿ ಒಂದು ಕಾಳು

ಉತ್ತರ ಹುಡುಕುವ ಮೊದಲು ನಾವು ಎಷ್ಟು ಸಣ್ಣ ಅಳತೆಯ ಮಾತಾಡುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಒಂದು ಅಕ್ಕಿಕಾಳು 20 ಮಿಲಿಗ್ರಾಂ ತೂಗುತ್ತದೆ ಎಂದುಕೊಳ್ಳಿ. 20 ಕಿಲೋ ಚೀಲದಲ್ಲಿ 10 ಲಕ್ಷ ಕಾಳು. ಅದರಲ್ಲಿ ಒಂದೇ ಒಂದು ಕಪ್ಪು ಕಾಳು ಬೆರೆತಿದ್ದರೆ ಅದು ಹತ್ತು ಲಕ್ಷದಲ್ಲಿ ಒಂದು ಪಾಲು. ವರದಿಗಳು ಪಿಪಿಎಂ ಎನ್ನುವುದು ಇದನ್ನೇ. ಈಗ ಅಂಥ ಸಾವಿರ ಚೀಲ ತನ್ನಿ. 20 ಟನ್, ಅಂದರೆ ಹತ್ತು ಟನ್ನಿನ ಎರಡು ಲಾರಿ ತುಂಬ ಅಕ್ಕಿ. ಅಷ್ಟರಲ್ಲಿ ಒಂದು ಕಪ್ಪು ಕಾಳು ಇದ್ದರೆ ನೂರು ಕೋಟಿಯಲ್ಲಿ ಒಂದು ಪಾಲು, ಪಿಪಿಬಿ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಐಎಸ್ 10500. ಅದರ ಪ್ರಕಾರ ಸೀಸ 10 ಪಿಪಿಬಿ ದಾಟಬಾರದು, ಕ್ಯಾಡ್ಮಿಯಂ 3, ಪಾದರಸ 1. ಎರಡು ಲಾರಿ ಅಕ್ಕಿಯಲ್ಲಿ ಕಪ್ಪು ಕಾಳು ಹತ್ತೋ ಮೂರೋ ಒಂದೋ ಎಂದು ಎಣಿಸುವ ಕೆಲಸ ಇದು. ಇಷ್ಟು ಕಡಿಮೆ ಇದ್ದೂ ಕೇಡು ಮಾಡುವ ಲೋಹಗಳನ್ನು ಈ ಬರಹದಲ್ಲಿ ಲೇಶಲೋಹ ಎಂದು ಕರೆಯುತ್ತೇನೆ.

ಇಷ್ಟು ಚೂರಿಗೆ ಯಾಕೆ ಹೆದರಬೇಕು? ಕೆರೆಗೆ ಬಿದ್ದ ಮಲಮೂತ್ರವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಸೋಪಿನ ನೊರೆಯೂ ಕಾಲ ಕಳೆದಂತೆ ಒಡೆದುಹೋಗುತ್ತದೆ. ಸೀಸವನ್ನು ಒಡೆದು ಸೀಸವಲ್ಲದ್ದನ್ನಾಗಿ ಮಾಡುವ ಜೀವಿ ಭೂಮಿಯ ಮೇಲಿಲ್ಲ. ಅದು ನೀರಿನಿಂದ ಹೂಳಿಗೆ, ಹೂಳಿನಿಂದ ಬೇರಿಗೆ, ಬೇರಿನಿಂದ ಮತ್ತೊಂದಕ್ಕೆ ಮನೆ ಬದಲಿಸುತ್ತದೆ, ಅಷ್ಟೆ. ನಮ್ಮ ಮೂತ್ರಪಿಂಡಕ್ಕೆ ಸೇರಿದ ಕ್ಯಾಡ್ಮಿಯಂ ಅರ್ಧಕ್ಕೆ ಇಳಿಯಲು 10ರಿಂದ 30 ವರ್ಷ ಬೇಕು. ಮೂಳೆ ಸೇರಿದ ಸೀಸವೂ ದಶಕಗಟ್ಟಲೆ ಅಲ್ಲೇ ಕೂತಿರುತ್ತದೆ.

‘ಪತ್ತೆಯಾಗಿಲ್ಲ’ ಎಂಬ ಮಾತಿನ ಅರ್ಥವನ್ನೂ ಇಲ್ಲೇ ಹೇಳಿಬಿಡಬೇಕು. ಸಾಮಾನ್ಯವಾಗಿ ಬಳಸುವ, ಜ್ವಾಲೆಯಿಂದ ನಡೆಯುವ ಯಂತ್ರಕ್ಕೆ ಸೀಸ ಕಾಣಿಸತೊಡಗುವುದೇ ಸುಮಾರು 10ರಿಂದ 20 ಪಿಪಿಬಿ ಇದ್ದಾಗ. ಅಂದರೆ ಕಾನೂನಿನ ಗೆರೆ ಎಲ್ಲಿದೆಯೋ ಹೆಚ್ಚು ಕಡಿಮೆ ಅಲ್ಲೇ ಯಂತ್ರದ ದೃಷ್ಟಿಯೂ ಮುಗಿಯುತ್ತದೆ. ‘ಪತ್ತೆಯಾಗಿಲ್ಲ’ ಎಂದರೆ ಆ ಯಂತ್ರಕ್ಕೆ ಕಾಣಲಿಲ್ಲ ಎಂದು ಮಾತ್ರ. ಎಷ್ಟಕ್ಕಿಂತ ಕಡಿಮೆಯಾದರೆ ಕಾಣುವುದಿಲ್ಲ ಎಂಬ ಅಂಕಿಯನ್ನು ಪಕ್ಕದಲ್ಲಿ ಬರೆಯದ ವರದಿಯನ್ನು ನಾನು ಪೂರ್ತಿ ವರದಿ ಎಂದು ಒಪ್ಪುವುದಿಲ್ಲ.

ಗಲ್ಲಾಪೆಟ್ಟಿಗೆ ಮತ್ತು ಉದ್ದರಿ ಪುಸ್ತಕ

ಊರಿನ ಕಿರಾಣಿ ಅಂಗಡಿಯ ವ್ಯವಹಾರ ತಿಳಿಯಬೇಕೆಂದರೆ ಎರಡು ದಾರಿ. ಗಲ್ಲಾಪೆಟ್ಟಿಗೆ ತೆಗೆದು ನೋಡಬಹುದು. ಈ ಗಳಿಗೆಯಲ್ಲಿ ಇರುವ ಚಿಲ್ಲರೆ ಕಾಣುತ್ತದೆ. ಉದ್ದರಿ ಪುಸ್ತಕ ಬಿಡಿಸಿ ನೋಡಬಹುದು. ತಿಂಗಳಿಡೀ ಯಾರು ಬಂದರು, ಏನು ಒಯ್ದರು ಎಲ್ಲ ಅಲ್ಲಿರುತ್ತದೆ. ಕೆರೆಯ ನೀರು ಗಲ್ಲಾಪೆಟ್ಟಿಗೆ. ಜೋರು ಮಳೆಯ ರಾತ್ರಿ ರಾಜಕಾಲುವೆಗೆ ಯಾರೋ ಬಿಟ್ಟ ಆಮ್ಲದ ನೀರು ಬೆಳಗಾಗುವಷ್ಟರಲ್ಲಿ ಕೋಡಿ ದಾಟಿ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಯ ಕಡೆಗೆ ಹೊರಟುಹೋಗಿರುತ್ತದೆ. ಮಧ್ಯಾಹ್ನ ಬಾಟಲಿ ಹಿಡಿದು ಬಂದವರಿಗೆ ಸಿಗುವುದು ಬೇರೆ ನೀರು. ಗಿಡ ಮಾತ್ರ ಅಲ್ಲೇ ಇತ್ತು. ಹರಿದು ಹೋದ ಪ್ರತಿ ಲೀಟರಿನಿಂದಲೂ ಒಂದಿಷ್ಟನ್ನು ಅದು ಬರೆದಿಟ್ಟುಕೊಂಡಿದೆ.

ಬರೆದಿಟ್ಟುಕೊಳ್ಳುವುದು ಹೇಗೆ? ಹಯಸಿಂತಿನ ಬೇರು ನೀರಿನಲ್ಲಿ ಗಡ್ಡದಂತೆ ಇಳಿಬಿದ್ದಿರುತ್ತದೆ. ನೂರಾರು ಎಳೆ, ಎಳೆಗೆ ಮತ್ತೆ ಕವಲು. ಆ ಎಳೆಗಳ ಗೋಡೆಗೆ ಋಣವಿದ್ಯುತ್ತಿನ ಗುಣವಿದೆ. ನೀರಿನಲ್ಲಿ ಕರಗಿದ ಸೀಸ, ಕ್ಯಾಡ್ಮಿಯಂ, ತಾಮ್ರಗಳ ಕಣಕ್ಕೆ ಧನವಿದ್ಯುತ್ತಿನ ಗುಣ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಹಾರಿ ಅಂಟುವ ಹಾಗೆ ಅವು ಬೇರಿಗೆ ಅಂಟುತ್ತವೆ.

ಅಂಟಿದ ಮೇಲೆ ಒಳಕ್ಕೆ ಹೋಗಬೇಕು. ಬೇರಿನ ಕೋಶಗಳಿಗೆ ಸತು, ಕಬ್ಬಿಣ, ಕ್ಯಾಲ್ಸಿಯಂ ಬೇಕೇ ಬೇಕು. ಅವನ್ನು ಒಳಗೆ ಕರೆದುಕೊಳ್ಳುವ ಬಾಗಿಲುಗಳಿವೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಅಪರಿಚಿತನೊಬ್ಬ ರೇಷ್ಮೆ ಪಂಚೆ ಉಟ್ಟು ಕುಳಿತರೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವನೆಂದೂ ಹೆಣ್ಣಿನ ಕಡೆಯವರು ಗಂಡಿನ ಕಡೆಯವನೆಂದೂ ತಿಳಿದು ಬಡಿಸುತ್ತಾರೆ. ಕ್ಯಾಡ್ಮಿಯಂ ಹೀಗೆಯೇ ಒಳಗೆ ಬರುತ್ತದೆ. ಅದರ ವಿದ್ಯುತ್ ಗುಣ ಸತುವಿನಂತೆಯೇ ಇರುವುದರಿಂದ ಬಾಗಿಲಿಗೆ ಗುರುತು ಸಿಗುವುದಿಲ್ಲ.

ಗಿಡ ಸುಮ್ಮನಿರುವುದಿಲ್ಲ. ವಿಷಲೋಹ ಒಳಗೆ ಬಂದದ್ದು ತಿಳಿದೊಡನೆ ಗಂಧಕ ಹೊತ್ತ ಪುಟ್ಟ ಪುಟ್ಟ ಸರಗಳನ್ನು ಹೆಣೆಯತೊಡಗುತ್ತದೆ. ಗಂಧಕಕ್ಕೂ ಇಂಥ ಲೋಹಗಳಿಗೂ ಬಿಡಿಸಲಾಗದ ನಂಟು. ಸರ ಲೋಹವನ್ನು ಸುತ್ತಿ ಗಂಟು ಹಾಕುತ್ತದೆ. ಫೈಟೋಕಿಲೇಟಿನ್ ಎಂಬ ಹೆಸರಿನ ಈ ಗಂಟುಸರವನ್ನು 1985ರಲ್ಲಿ ಜರ್ಮನಿಯ ವಿಜ್ಞಾನಿಗಳು ಗುರುತಿಸಿದರು. ಗಂಟು ಬಿದ್ದ ಲೋಹ ಕೋಶದ ನೀರುಚೀಲಕ್ಕೆ ಹೋಗಿ ಬೀಳುತ್ತದೆ. ಬೇಡದ ಸಾಮಾನನ್ನು ನಾವು ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ. ಮನೆಯಿಂದ ಹೊರಗಂತೂ ಹೋಗಿಲ್ಲ.

ಒಗಟು ಇಲ್ಲಿ ಬಿಡುತ್ತದೆ. ನೀರಿನಲ್ಲಿ ಕ್ಯಾಡ್ಮಿಯಂ 2 ಪಿಪಿಬಿ ಇದೆ ಎಂದುಕೊಳ್ಳಿ. ಜ್ವಾಲೆಯ ಯಂತ್ರಕ್ಕೆ ಅದು ಕಂಡರೂ ಕಾಣದ ಹಾಗೆ. ಗಿಡ ಅದನ್ನು ಸಾವಿರಪಟ್ಟು ಕೂಡಿಟ್ಟಿದ್ದರೆ ಒಣಬೇರಿನಲ್ಲಿ 2 ಪಿಪಿಎಂ ಆಗುತ್ತದೆ. ಎರಡು ಲಾರಿ ಅಕ್ಕಿಯನ್ನು ಹುಡುಕುವ ಕೆಲಸ ಒಂದು ಚೀಲ ಅಕ್ಕಿಗೆ ಇಳಿಯಿತು. ಅಮೆರಿಕದ ನಾಸಾ ಸಂಸ್ಥೆಯ ಬಿ. ಸಿ. ವೊಲ್ವರ್ಟನ್ 1970ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಇದೇ ಹಯಸಿಂತನ್ನು ಕ್ಯಾಡ್ಮಿಯಂ, ನಿಕ್ಕಲ್ ಬೆರೆತ ನೀರಿನಲ್ಲಿ ಬೆಳೆಸಿ ಅದು ಲೋಹ ಎತ್ತುವುದನ್ನು ತೋರಿಸಿದ್ದರು. ‘ಆ ಗಿಡ ವಿಷ ಹೀರುತ್ತದಂತೆ’ ಎಂಬ ಮಾತಿಗೆ ಇಂಥ ಪ್ರಯೋಗಗಳ ಬೆಂಬಲವಿದೆ.

ತೊಳೆಯುವುದೇ ಅರ್ಧ ಕೆಲಸ

ಗಿಡ ಕಿತ್ತು ಯಂತ್ರಕ್ಕೆ ಹಾಕಿದರೆ ಅಂಕಿ ಬರುತ್ತದೆ ಎಂದುಕೊಳ್ಳುವವರೇ ಹೆಚ್ಚು. ಯಂತ್ರದ ಮುಂದೆ ಕೂರುವುದು ಕೊನೆಯ ಕೆಲವು ನಿಮಿಷ. ಅದರ ಹಿಂದೆ ವಾರಗಟ್ಟಲೆ ಕೈಕೆಲಸವಿದೆ, ಅಳತೆ ಕೆಡುವುದು ಅಲ್ಲಿಯೇ.

ಮೊದಲು ಕೀಳುವುದು. ಕಬ್ಬಿಣದ ಕುಡುಗೋಲು ಹಾಕಿದರೆ ಕುಡುಗೋಲಿನ ಲೋಹವೂ ಲೆಕ್ಕಕ್ಕೆ ಸೇರುವ ಭಯ. ಪ್ಲಾಸ್ಟಿಕ್ ಸಲಕರಣೆ ಬೇಕು. ಕೈಗವಸಿನಲ್ಲೂ ಎಚ್ಚರ. ರಬ್ಬರಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ, ಸತು ಅಳೆಯಲು ಹೊರಟವನಿಗೆ ಅದೇ ಮೋಸ ಮಾಡುತ್ತದೆ. ಗಿಡವನ್ನು ಕೆರೆಯ ನೀರಿನಲ್ಲಿ ಜಾಲಿಸಿ ಕೆಸರು ಬಿಡಿಸಬೇಕು, ನಲ್ಲಿ ನೀರಿನಲ್ಲಿ ತೊಳೆಯಬೇಕು, ಕೊನೆಗೆ ಲೋಹವಿಲ್ಲದ ಶುದ್ಧನೀರಿನಲ್ಲಿ ಹಲವು ಸಲ ಅದ್ದಬೇಕು.

ಎಷ್ಟು ತೊಳೆದರೆ ಸಾಕು? ಈ ಪ್ರಶ್ನೆ ಕಾಣುವಷ್ಟು ಸರಳವಲ್ಲ. ಜೊಂಡಿನಂಥ ಗಿಡಗಳ ಬೇರು ಕೆಸರಿನಲ್ಲಿ ಆಮ್ಲಜನಕ ಸೋರಿಸುತ್ತದೆ. ಆ ಆಮ್ಲಜನಕ ತಾಗಿ ಸುತ್ತಲಿನ ಕಬ್ಬಿಣ ತುಕ್ಕಾಗಿ ಬೇರಿನ ಮೇಲೆ ಕೆಂಗಂದು ಲೇಪವಾಗಿ ಕೂರುತ್ತದೆ. ಕೆರೆಯಿಂದ ಜೊಂಡು ಕಿತ್ತವರು ಬೇರಿನ ಮೇಲೆ ಈ ಬಣ್ಣ ನೋಡಿರುತ್ತಾರೆ. ಆ ತುಕ್ಕು ಸೀಸ, ಕ್ರೋಮಿಯಂಗಳನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆಗ ಯಂತ್ರ ತೋರಿಸಿದ ಸೀಸ ಬೇರಿನ ಒಳಗಿನದೋ ಮೈಮೇಲಿನದೋ? ಗಿಡದ ಜೀವರಸಾಯನ ತಿಳಿಯಬೇಕೆಂದವರು ಲೇಪವನ್ನು ಬಿಡಿಸಿ ಬೇರೆಯಾಗಿ ಅಳೆಯುತ್ತಾರೆ. ಕಿತ್ತ ಕಳೆಯ ಜೊತೆ ಕೆರೆಯಿಂದ ಎಷ್ಟು ಲೋಹ ಹೊರಬಿತ್ತು ಎಂದು ಕೇಳುವವರಿಗೆ ಲೇಪವೂ ಲೆಕ್ಕಕ್ಕೆ ಬೇಕು. ಪ್ರಶ್ನೆ ಯಾವುದು ಎಂಬುದರ ಮೇಲೆ ಎಷ್ಟು ತೊಳೆಯಬೇಕು ಎಂಬುದು ನಿಂತಿದೆ. ವರದಿಯಲ್ಲಿ ಅದನ್ನು ಬರೆಯದಿದ್ದರೆ ಎರಡು ಪ್ರಯೋಗಾಲಯಗಳ ಅಂಕಿಗಳನ್ನು ಹೋಲಿಸುವುದೇ ತಪ್ಪು.

ಆಮೇಲೆ ಬೇರು, ತೊಟ್ಟು, ಎಲೆ ಬೇರೆಬೇರೆ ಮಾಡಿ ಸುಮಾರು 60ರಿಂದ 70 ಡಿಗ್ರಿಯ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತಾರೆ. ಹಯಸಿಂತ್ ಹೆಚ್ಚುಕಡಿಮೆ ನೂರಕ್ಕೆ 95 ಪಾಲು ನೀರು. 20 ಕಿಲೋ ಹಸಿಗಿಡ ಒಣಗಿದರೆ ಒಂದು ಕಿಲೋ ಉಳಿಯುತ್ತದೆ. ಅಂದರೆ ಒಣತೂಕದಲ್ಲಿ 2 ಪಿಪಿಎಂ ಎಂದದ್ದು ಹಸಿತೂಕದಲ್ಲಿ 0.1 ಪಿಪಿಎಂ. ಅಂಕಿ ಇಪ್ಪತ್ತು ಪಟ್ಟು ಬದಲಾಗುತ್ತದೆ, ಎರಡೂ ಸರಿ. ಸೊಪ್ಪಿನಲ್ಲಿ ಕ್ಯಾಡ್ಮಿಯಂ ಕಿಲೋಗೆ 0.2 ಮಿಲಿಗ್ರಾಂ ಮೀರಬಾರದು ಎನ್ನುವ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕ ಹಸಿಸೊಪ್ಪಿನ ಲೆಕ್ಕ. ಒಣಗಿಡದ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ಜನರನ್ನು ಹೆದರಿಸುವುದೂ ತಪ್ಪು, ಹಸಿಗಿಡದ ಅಂಕಿಯನ್ನು ಒಣಮಣ್ಣಿನ ಮಿತಿಗೆ ಹೋಲಿಸಿ ಸಮಾಧಾನ ಹೇಳುವುದೂ ತಪ್ಪು.

ಒಣಗಿದ್ದನ್ನು ಪುಡಿ ಮಾಡಿ, ಅರ್ಧ ಗ್ರಾಂ ತೂಗಿ, ಗಟ್ಟಿ ನೈಟ್ರಿಕ್ ಆಮ್ಲದ ಜೊತೆ ಮುಚ್ಚಿದ ಟೆಫ್ಲಾನ್ ಪಾತ್ರೆಯಲ್ಲಿಟ್ಟು ಮೈಕ್ರೋವೇವಿನಲ್ಲಿ ಬೇಯಿಸುತ್ತಾರೆ. ನಾರು, ಹಸಿರು, ಪಿಷ್ಟ ಎಲ್ಲ ಹೊಗೆಯಾಗಿ ಹೋಗಿ ತಿಳಿಯಾದ ದ್ರವ ಉಳಿಯುತ್ತದೆ. ಕುಕ್ಕರಿನಲ್ಲಿ ಬೇಳೆ ಕರಗಿ ನೀರಾದ ಹಾಗೆ, ಆದರೆ ಅದಕ್ಕಿಂತ ಬಹಳ ಬಿರುಸು. ಕಲ್ಲಿನಂತೆ ಕೂತಿದ್ದ ಲೋಹ ಈಗ ದ್ರವದಲ್ಲಿ ತೇಲುತ್ತದೆ. ಅದನ್ನು ಶುದ್ಧನೀರಿನಿಂದ 50 ಮಿಲಿಲೀಟರಿಗೆ ತುಂಬಿಸಿಟ್ಟರೆ ಯಂತ್ರಕ್ಕೆ ಕೊಡಲು ತಯಾರು.

ಇದರ ಪಕ್ಕದಲ್ಲಿ ಇನ್ನೆರಡು ಪಾತ್ರೆಗಳು ಬೇಯಬೇಕು. ಒಂದರಲ್ಲಿ ಗಿಡವೇ ಇರುವುದಿಲ್ಲ, ಬರೀ ಆಮ್ಲ. ಇದು ಖಾಲಿ ಪರೀಕ್ಷೆ. ಗಿಡವಿಲ್ಲದ ಪಾತ್ರೆಯಲ್ಲೂ ಸೀಸ ಕಂಡರೆ ಅದು ನಮ್ಮ ಆಮ್ಲದ್ದು, ಪಾತ್ರೆಯದ್ದು, ಕೋಣೆಯ ಧೂಳಿನದ್ದು. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸು ಲೆಕ್ಕ ಹಾಕಲು ಕಲ್ಲಿನಲ್ಲಿದ್ದ ಚೂರು ಸೀಸ ಅಳೆಯಹೊರಟಾಗ ಅಂಕಿಗಳು ಅಡ್ಡಾದಿಡ್ಡಿ ಬರುತ್ತಿದ್ದವು. ಸೀಸ ಕಲ್ಲಿನಿಂದಷ್ಟೇ ಬರುತ್ತಿರಲಿಲ್ಲ. ಗಾಳಿಯಲ್ಲಿ, ಬಟ್ಟೆಯಲ್ಲಿ, ಗಾಜಿನಲ್ಲಿ ಎಲ್ಲೆಲ್ಲೂ ಇತ್ತು. ವರ್ಷಗಟ್ಟಲೆ ಕೋಣೆ ತಿಕ್ಕಿ ತೊಳೆದ ಮೇಲೆ ಅವರು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದರು. ಆಮೇಲೆ ಆ ಧೂಳಿನ ಸೀಸದ ಬೆನ್ನು ಹತ್ತಿ, ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ದಶಕಗಳ ಕಾಲ ಹೋರಾಡಿದರು. ನಮ್ಮ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಖಾಲಿ ಪಾತ್ರೆಯನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬ ಮನುಷ್ಯನ ಋಣ ನಮ್ಮ ಮಕ್ಕಳ ಮೇಲಿದೆ.

ಎರಡನೆಯ ಪಾತ್ರೆಯಲ್ಲಿ ಲೋಹ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಗಿಡದ ಪುಡಿ. ಇದನ್ನು ಸಾಕ್ಷಿಪುಡಿ ಎನ್ನೋಣ. ಐರೋಪ್ಯ ಒಕ್ಕೂಟದ ಪ್ರಯೋಗಾಲಯ ಲಗರೊಸೈಫನ್ ಎಂಬ ನೀರುಗಿಡವನ್ನು ಒಣಗಿಸಿ, ಪುಡಿ ಮಾಡಿ, ಹಲವು ಪ್ರಯೋಗಾಲಯಗಳಲ್ಲಿ ಅಳೆಸಿ, ಅಂಕಿಯ ಚೀಟಿ ಅಂಟಿಸಿ ಬಾಟಲಿಯಲ್ಲಿ ಕೊಡುತ್ತದೆ. ಚೀಟಿಯಲ್ಲಿರುವ ಅಂಕಿ ನಿಮ್ಮ ಯಂತ್ರದಲ್ಲೂ ಬಂದರೆ ಮಾತ್ರ ಬೆಳ್ಳಂದೂರಿನ ಜೊಂಡಿನ ಬಗ್ಗೆ ಬಾಯಿ ಬಿಡುವ ಹಕ್ಕು ನಿಮ್ಮದು.

ಶ್ರುತಿ ಕೂಡಿದಾಗ ಮಿಡಿಯುವ ತಂಬೂರಿ

ಈಗ ತಿಳಿನೀರಿನಂಥ ಆ ದ್ರವದಲ್ಲಿ ಕ್ಯಾಡ್ಮಿಯಂ ಎಷ್ಟಿದೆ? ಅದರೊಳಗೆ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕಬ್ಬಿಣ ಸಾವಿರಾರು ಪಟ್ಟು ಹೆಚ್ಚು ತುಂಬಿವೆ. ಸಂತೆಯ ಗದ್ದಲದಲ್ಲಿ ಒಬ್ಬನ ಪಿಸುಮಾತು ಕೇಳಿಸಿಕೊಂಡಂತೆ ಅದೊಂದನ್ನೇ ಹುಡುಕಬೇಕು.

ಗ್ಯಾಸ್ ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲಿದಾಗ ನೀಲಿ ಜ್ವಾಲೆ ಒಮ್ಮೆಲೇ ಹಳದಿಯಾಗಿ ಭುಗಿಲೇಳುವುದನ್ನು ನೋಡಿದ್ದೀರಿ. ಆ ಹಳದಿ ಉಪ್ಪಿನಲ್ಲಿರುವ ಸೋಡಿಯಮ್ಮಿನದು. ದೀಪಾವಳಿಯ ಬಾಣಬಿರುಸಿನ ಕೆಂಪು ಸ್ಟ್ರಾನ್ಷಿಯಮ್ಮಿನದು, ಹಸಿರು ಬೇರಿಯಮ್ಮಿನದು. ಪ್ರತಿ ಲೋಹಕ್ಕೂ ಬಿಸಿಯಾದಾಗ ಉಗುಳುವ ತನ್ನದೇ ಬಣ್ಣಗಳಿವೆ, ಒಂದರ ಬಣ್ಣಗಳ ಗುಂಪು ಇನ್ನೊಂದಕ್ಕಿಲ್ಲ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ 1859ರ ಸುಮಾರಿಗೆ ಬುನ್ಸೆನ್ ಮತ್ತು ಕಿರ್ಕಾಫ್ ಈ ಬಣ್ಣಗಳನ್ನು ಗಾಜಿನ ಪಟ್ಟಕದ ಮೂಲಕ ಬಿಡಿಸಿ ಓದಲು ಕಲಿತರು. ದೂರದ ಮ್ಯಾನ್‌ಹೈಮ್ ಊರಿನಲ್ಲಿ ಬೆಂಕಿ ಬಿದ್ದ ರಾತ್ರಿ ಕಿಟಕಿಯಲ್ಲಿ ನಿಂತು ಆ ಜ್ವಾಲೆಯಲ್ಲಿ ಬೇರಿಯಂ, ಸ್ಟ್ರಾನ್ಷಿಯಂ ಗುರುತು ಹಿಡಿದರೆಂಬ ಕಥೆಯಿದೆ. ಬೆಳ್ಳಂದೂರಿನ ಬೆಂಕಿಯ ಚಿತ್ರಗಳನ್ನು ನೋಡುವಾಗೆಲ್ಲ ನನಗೆ ಆ ಕಿಟಕಿ ನೆನಪಾಗುತ್ತದೆ. 1860ರಲ್ಲಿ ಡುರ್ಕ್‌ಹೈಮ್ ಬುಗ್ಗೆಯ ನೀರಿನಲ್ಲಿ ಯಾರೂ ಕಾಣದ ಎರಡು ನೀಲಿ ಗೆರೆ ಕಂಡು ಅವರು ಸೀಸಿಯಂ ಎಂಬ ಹೊಸ ಲೋಹವನ್ನೇ ಪತ್ತೆ ಮಾಡಿದರು. ಕೆಲವು ಗ್ರಾಂ ಸೀಸಿಯಂ ಲವಣಕ್ಕಾಗಿ 40 ಟನ್ನಿಗೂ ಹೆಚ್ಚು ನೀರನ್ನು ಇಂಗಿಸಬೇಕಾಯಿತು.

ಆದರೆ ಕ್ಯಾಡ್ಮಿಯಂ, ಸತು, ಸೀಸಗಳು ಸಾಧಾರಣ ಜ್ವಾಲೆಯಲ್ಲಿ ಹೆಚ್ಚು ಬೆಳಗುವುದಿಲ್ಲ. ಅವು ಮಾತಾಡುವವರೆಗೆ ಕಾಯುತ್ತ ಕೂತರೆ ಲೇಶಲೋಹ ಎಂದೂ ಸಿಗದು. ಈ ಕಗ್ಗಂಟು ಬಿಡಿಸಿದ್ದು ಆಸ್ಟ್ರೇಲಿಯಾದ ಅಲನ್ ವಾಲ್ಶ್. 1952ರ ಒಂದು ಭಾನುವಾರ ಮೆಲ್ಬರ್ನಿನ ತಮ್ಮ ಮನೆಯ ತರಕಾರಿ ತೋಟದಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೆ ಪ್ರಶ್ನೆಯನ್ನೇ ತಿರುಗಿಸಿ ಹಾಕುವುದು ಹೊಳೆಯಿತು. 1955ರಲ್ಲಿ ಅದನ್ನು ಪ್ರಕಟಿಸಿದರು.

ಗೋಡೆಗೆ ಒರಗಿಸಿಟ್ಟ ಶ್ರುತಿ ಮಾಡಿದ ತಂಬೂರಿಯ ಎದುರು ಹಾಡಿ ನೋಡಿ. ಯಾರೂ ಮುಟ್ಟದಿದ್ದರೂ ನಿಮ್ಮ ಷಡ್ಜ ಅದರ ತಂತಿಯ ಷಡ್ಜಕ್ಕೆ ಕೂಡಿದ ಕ್ಷಣ ತಂತಿ ತಾನೇ ಮಿಡಿಯುತ್ತದೆ. ಶ್ರುತಿ ಒಂದಿಷ್ಟು ಆಚೀಚೆಯಾದರೆ ಅಲುಗುವುದಿಲ್ಲ. ಮಿಡಿಯಲು ಬೇಕಾದ ಶಕ್ತಿಯನ್ನು ತಂತಿ ನಿಮ್ಮ ದನಿಯಿಂದಲೇ ಪಡೆಯಿತು. ಪರಮಾಣುಗಳೂ ಇದೇ ರೀತಿ. ಕ್ಯಾಡ್ಮಿಯಂ ಯಾವ ಬೆಳಕನ್ನು ಉಗುಳುತ್ತದೋ ಅದೇ ಬೆಳಕು ಎದುರು ಬಂದರೆ ನುಂಗುತ್ತದೆ. ಬೇರೆ ಬೆಳಕನ್ನು ಮುಟ್ಟುವುದಿಲ್ಲ.

ಹಾಗಾದರೆ ಕ್ಯಾಡ್ಮಿಯಮ್ಮಿನ ಶ್ರುತಿಯಲ್ಲಿ ಹಾಡುವವರು ಯಾರು? ಕ್ಯಾಡ್ಮಿಯಮ್ಮೇ. ಪುಟ್ಟ ಗಾಜಿನ ಕೊಳವೆಯೊಳಗೆ ಕ್ಯಾಡ್ಮಿಯಮ್ಮಿನ ಬಟ್ಟಲೊಂದನ್ನಿಟ್ಟು ವಿದ್ಯುತ್ ಹರಿಸಿದರೆ ಆ ದೀಪದಿಂದ ಬರುವುದು ಕ್ಯಾಡ್ಮಿಯಮ್ಮಿನದೇ ಬೆಳಕು. ಅದು ನಮ್ಮ ಕಣ್ಣಿಗೆ ಕಾಣದ ನೇರಳಾತೀತ. ಸೀಸ ಹುಡುಕಬೇಕಾದರೆ ಸೀಸದ ದೀಪ, ಕ್ರೋಮಿಯಮ್ಮಿಗೆ ಕ್ರೋಮಿಯಂ ದೀಪ. ಇದನ್ನು ಲೋಹದೀಪ ಎನ್ನಬಹುದು. ಒಂದು ಕಡೆ ಲೋಹದೀಪ, ಇನ್ನೊಂದು ಕಡೆ ಬೆಳಕು ಅಳೆಯುವ ಕಣ್ಣು, ನಡುವೆ ಉದ್ದನೆಯ ಸೀಳಿನಿಂದ ಏಳುವ ಜ್ವಾಲೆ. ಗಿಡ ಕರಗಿದ ದ್ರವವನ್ನು ಮಂಜಿನಂತೆ ಆ ಜ್ವಾಲೆಗೆ ಊದುತ್ತಾರೆ. ಸುಮಾರು 2300 ಡಿಗ್ರಿ ಕಾವಿನಲ್ಲಿ ನೀರು ಆವಿಯಾಗಿ, ಸಂಯುಕ್ತಗಳ ಕಟ್ಟು ಕಳಚಿ, ಪರಮಾಣುಗಳು ಒಂಟೊಂಟಿಯಾಗಿ ತೇಲುತ್ತವೆ. ದೀಪದ ಬೆಳಕು ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ದಾಟಿ ಹೋಗುತ್ತದೆ. ಕ್ಯಾಡ್ಮಿಯಂ ಎದುರಾದರೆ ಮಾತ್ರ ಒಂದಿಷ್ಟು ಬೆಳಕು ಅಲ್ಲೇ ಉಳಿಯುತ್ತದೆ. ಆಚೆ ಇರುವ ಕಣ್ಣಿಗೆ ದೀಪ ಮಂಕಾದಂತೆ ಕಾಣುತ್ತದೆ.

ಎಷ್ಟು ಮಂಕಾಯಿತು ಎಂಬುದೇ ಎಷ್ಟು ಲೋಹ ಇದೆ ಎಂಬುದರ ಅಳತೆ. ದೀಪದ ಮುಂದೆ ಸೊಳ್ಳೆಪರದೆ ಹಿಡಿದು ನೋಡಿ. ಒಂದು ಪದರ ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಎರಡನೆಯ ಪದರ ಉಳಿದದ್ದರ ಅರ್ಧವನ್ನು ತಡೆಯುತ್ತದೆ, ಮೂರನೆಯದು ಮತ್ತೆ ಅದರ ಅರ್ಧ. ಕೊನೆಗೆ ಉಳಿದ ಬೆಳಕು ನೋಡಿ ಎಷ್ಟು ಪದರ ಇತ್ತೆಂದು ಹೇಳಬಹುದು. ಕ್ಯಾಡ್ಮಿಯಂ ಎಷ್ಟಿದೆ ಎಂದು ಗೊತ್ತಿರುವ ನಾಲ್ಕಾರು ದ್ರವಗಳನ್ನು ಮೊದಲೇ ಊದಿ ಮಂಕಿನ ಮೆಟ್ಟಿಲು ಗುರುತು ಹಾಕಿಟ್ಟುಕೊಂಡಿರುತ್ತಾರೆ. ನಮ್ಮ ಗಿಡ ಯಾವ ಮೆಟ್ಟಿಲಿಗೆ ಬಂತು ಎಂದು ನೋಡಿದರಾಯಿತು. ದ್ರವದಲ್ಲಿ ಲೀಟರಿಗೆ 0.02 ಮಿಲಿಗ್ರಾಂ ಎಂದು ಬಂದರೆ 50 ಮಿಲಿಲೀಟರಿನಲ್ಲಿ ಇರುವುದು 0.001 ಮಿಲಿಗ್ರಾಂ. ಅದು ಅರ್ಧ ಗ್ರಾಂ ಬೇರಿನದು. ಕಿಲೋ ಬೇರಿಗೆ 2 ಮಿಲಿಗ್ರಾಂ, ಅಂದರೆ 2 ಪಿಪಿಎಂ.

ಜ್ವಾಲೆಯಲ್ಲಿ ಪರಮಾಣು ನಿಲ್ಲುವುದು ಕಣ್ಣೆವೆ ಮುಚ್ಚುವುದಕ್ಕಿಂತ ಕಡಿಮೆ ಹೊತ್ತು. ಗ್ರಾಫೈಟಿನ ಪುಟ್ಟ ಕೊಳವೆಯಲ್ಲಿ ಒಂದೇ ಹನಿ ಇಟ್ಟು ಕಾಯಿಸಿದರೆ ಇನ್ನಷ್ಟು ಹೊತ್ತು ನಿಲ್ಲುತ್ತದೆ, ನೂರು ಪಟ್ಟು ಕಡಿಮೆ ಲೋಹವೂ ಕಾಣುತ್ತದೆ. ಪರಮಾಣುಗಳನ್ನು ಒಂದೊಂದಾಗಿ ತೂಗಿ ಎಣಿಸುವ ಐಸಿಪಿ-ಎಂಎಸ್ ಎಂಬ ದುಬಾರಿ ಯಂತ್ರವೂ ಈಗ ಬೆಂಗಳೂರಿನ ಪ್ರಯೋಗಾಲಯಗಳಲ್ಲಿದೆ.

ಕರಗಿಸಿದ ಒಡವೆ

ಇಷ್ಟೆಲ್ಲ ಆದರೂ ಒಂದು ಸಂಗತಿ ಕೈತಪ್ಪಿತು. ಅವೆನ್ಯೂ ರಸ್ತೆಯ ಅಕ್ಕಸಾಲಿಗ ಸರ, ಬಳೆ, ಓಲೆ ಎಲ್ಲವನ್ನೂ ಒಂದೇ ಮೂಸೆಯಲ್ಲಿ ಕರಗಿಸಿದರೆ ಎಷ್ಟು ಚಿನ್ನವೆಂದು ಹೇಳಬಲ್ಲ. ಯಾವ ಒಡವೆ ಇತ್ತೆಂದು ಹೇಳಲಾರ. ಆಮ್ಲ ಮತ್ತು ಜ್ವಾಲೆ ಮಾಡಿದ್ದೂ ಅದನ್ನೇ. ಲೋಹ ಎಷ್ಟು ಎಂದು ಗೊತ್ತಾಯಿತು. ಅದು ಗಿಡದಲ್ಲಿ ಯಾವ ಸಂಯುಕ್ತವಾಗಿತ್ತು, ಯಾರ ಕೈ ಹಿಡಿದಿತ್ತು ಎಂಬುದು ಸುಟ್ಟುಹೋಯಿತು. ವಿಷ ಇರುವುದು ಹೆಚ್ಚಾಗಿ ಆ ನಂಟಿನಲ್ಲಿಯೇ.

ಕ್ರೋಮಿಯಮ್ಮನ್ನು ತೆಗೆದುಕೊಳ್ಳಿ. ಮಿರುಗುವ ಲೇಪ ಹಾಕುವ ಕಾರ್ಖಾನೆಗಳ ತೊಟ್ಟಿಯಲ್ಲಿರುವ ಆರನೆಯ ದರ್ಜೆಯ ಕ್ರೋಮಿಯಂ ಕ್ಯಾನ್ಸರಿಗೆ ಕಾರಣವಾಗುವಂಥದ್ದು, ನೀರಿನಲ್ಲಿ ಸಲೀಸಾಗಿ ಓಡಾಡುತ್ತದೆ. ಮೂರನೆಯ ದರ್ಜೆಯದು ಅದಕ್ಕಿಂತ ಎಷ್ಟೋ ಸೌಮ್ಯ, ಮಣ್ಣಿಗೆ ಅಂಟಿ ಕೂರುತ್ತದೆ. ಲೋಹದೀಪದ ಯಂತ್ರಕ್ಕೆ ಎರಡೂ ಒಂದೇ ಕ್ರೋಮಿಯಂ. 1998ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಹಯಸಿಂತನ್ನು ಆರನೆಯ ದರ್ಜೆಯ ಕ್ರೋಮಿಯಂ ನೀರಿನಲ್ಲಿ ಬೆಳೆಸಿ, ಗಿಡವನ್ನು ಕರಗಿಸದೆ ಪ್ರಬಲ ಎಕ್ಸ್‌ರೇ ಹಾಯಿಸಿ ನೋಡಿದರು. ಗಿಡದಲ್ಲಿ ಕಂಡದ್ದು ಮೂರನೆಯ ದರ್ಜೆಯ ಕ್ರೋಮಿಯಂ. ಗಡ್ಡದಂಥ ಸಣ್ಣ ಬೇರುಗಳಲ್ಲೇ ಅದು ಪಳಗಿ ಸೌಮ್ಯವಾಗಿತ್ತು.

ಉಲ್ಟಾ ಕಥೆಯೂ ಇದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತಕ್ಕೆ ಕಾರಣ ಮಿಥೈಲ್ ಪಾದರಸ ಎಂಬ ಸಂಯುಕ್ತ. ಆಮ್ಲಜನಕವಿಲ್ಲದ ಕೆಸರಿನ ಬ್ಯಾಕ್ಟೀರಿಯಾ ಸಾದಾ ಪಾದರಸವನ್ನೂ ಈ ಘೋರ ರೂಪಕ್ಕೆ ತಿರುಗಿಸಬಲ್ಲವು. ಬ್ರೆಜಿಲಿನ ನದಿಬಯಲುಗಳಲ್ಲಿ ಈ ಬದಲಾವಣೆ ಅತಿ ಜೋರಾಗಿ ನಡೆಯುವುದು ತೇಲುವ ಗಿಡಗಳ ಬೇರಿನ ಸಂದಿಯಲ್ಲಿ ಎಂದು ಅಳೆದವರು ಕಂಡುಕೊಂಡಿದ್ದಾರೆ. ಅದೇ ಬೇರು ಕ್ರೋಮಿಯಮ್ಮನ್ನು ಪಳಗಿಸುತ್ತದೆ, ಪಾದರಸ ಕೆರಳುವುದಕ್ಕೆ ಜಾಗ ಕೊಡುತ್ತದೆ. ಆದ್ದರಿಂದ ‘ಒಟ್ಟು ಲೋಹ ಇಷ್ಟು’ ಎಂಬ ಅಂಕಿ ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಸಂಯುಕ್ತ ಯಾವುದು ಎಂದು ತಿಳಿಯಲು ಗಿಡವನ್ನು ಆಮ್ಲದಲ್ಲಿ ಸುಡದೆ ಮೆಲ್ಲಗೆ ನೆನೆಸಿ, ಒಂದೊಂದು ಸಂಯುಕ್ತವನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಎಣಿಸಬೇಕು. ಖರ್ಚು ಹೆಚ್ಚು, ಮಾಡುವವರು ಕಡಿಮೆ. ನಮ್ಮ ಕೆರೆಗಳಿಗೆ ಈಗ ತೀರಾ ಬೇಕಾಗಿರುವುದು ಇದೇ ಎಂದು ನನ್ನ ಅಭಿಪ್ರಾಯ.

ಬೆಳ್ಳಂದೂರಿನ ಜೊಂಡು ಹೇಳಿದ್ದು

ಈ ಊರಿನ ಕೆರೆಗಿಡಗಳನ್ನು ಅಳೆದವರಿದ್ದಾರೆ. ರಸಾಯನಶಾಸ್ತ್ರಜ್ಞರಾದ ಎಚ್. ಲೋಕೇಶ್ವರಿ ಮತ್ತು ಜಿ. ಟಿ. ಚಂದ್ರಪ್ಪ 2006ರಲ್ಲಿ ಲಾಲ್‌ಬಾಗ್ ಕೆರೆಯ ನೀರು, ಹಯಸಿಂತ್, ಹೂಳು ಮೂರರ ಲೋಹಗಳ ಲೆಕ್ಕವನ್ನೂ, ಅದೇ ವರ್ಷ ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಮಣ್ಣು ಮತ್ತು ಬೆಳೆಗಳ ಲೆಕ್ಕವನ್ನೂ ಪ್ರಕಟಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಬೆಳ್ಳಂದೂರಿನ ಹೂಳು ಮತ್ತು ನೀರುಗಿಡಗಳಲ್ಲಿ ಆರು ಲೋಹಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದರು. ಹೂಳಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸತು, ಆಮೇಲೆ ತಾಮ್ರ, ಕ್ರೋಮಿಯಂ, ಸೀಸ, ನಿಕ್ಕಲ್, ಕ್ಯಾಡ್ಮಿಯಂ. ಆರೂ ಅಪಾಯದ ಗೆರೆ ದಾಟಿದ್ದವು. ಗಿಡಗಳಲ್ಲಿ ಸಾಲು ಬೇರೆ: ಮೊದಲ ಸ್ಥಾನ ಕ್ರೋಮಿಯಮ್ಮಿಗೆ, ನಂತರ ತಾಮ್ರ, ಸತು, ಸೀಸ, ನಿಕ್ಕಲ್, ಕ್ಯಾಡ್ಮಿಯಂ. ಕ್ರೋಮಿಯಂ ಮತ್ತು ತಾಮ್ರ ಗಿಡಗಳಿಗೆ ಹೇಳಿರುವ ಮಿತಿಯನ್ನೂ ಮೀರಿದ್ದವು. ಕ್ರೋಮಿಯಂ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಹೆಚ್ಚು ಕೂಡಿಟ್ಟದ್ದು ಹಯಸಿಂತ್ ಅಲ್ಲ, ದಂಡೆಯ ಜೊಂಡು.

ಹೂಳಿನ ಸಾಲಿಗೂ ಗಿಡದ ಸಾಲಿಗೂ ತಾಳೆಯಾಗಲಿಲ್ಲ ಎಂಬುದನ್ನು ಗಮನಿಸಿ. ಹೂಳು ನೋಡಿ ಗಿಡದಲ್ಲಿ ಏನಿದೆ ಎಂದು ಊಹಿಸಲಾಗುವುದಿಲ್ಲ, ನೀರು ನೋಡಿಯಂತೂ ಇಲ್ಲವೇ ಇಲ್ಲ.

ಕೆರೆ ದಂಡೆಯ ಹೊನಗೊನ್ನೆ ಸೊಪ್ಪನ್ನು ಕಣ್ಣಿಗೆ ಒಳ್ಳೆಯದೆಂದು ಕೊಯ್ದು ಪಲ್ಯ ಮಾಡುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅದರದೇ ಕುಲದ ಅಲಿಗೇಟರ್ ಕಳೆ ಬೆಂಗಳೂರಿನ ಕೊಳಚೆ ಕೆರೆಗಳಲ್ಲಿ ದಂಡಿಯಾಗಿ ಬೆಳೆಯುತ್ತದೆ, ನೋಡಲು ಹೆಚ್ಚುಕಡಿಮೆ ಒಂದೇ. ಚರಂಡಿ ನೀರು ಸೇರುವ ಕೆರೆಯ ದಂಡೆಯಿಂದ ಕೊಯ್ದ ಯಾವ ಸೊಪ್ಪನ್ನೂ ದಯವಿಟ್ಟು ತಿನ್ನಬೇಡಿ. ತೊಳೆದರೆ ಮೇಲಿನ ಮಣ್ಣು ಹೋಗುತ್ತದೆ, ಅಟ್ಟದಲ್ಲಿರುವುದು ಹೋಗುವುದಿಲ್ಲ.

ಇನ್ನು ಕಿತ್ತ ಕಳೆಯ ಮಾತು. ಗಿಡ ಲೋಹವನ್ನು ಉದ್ದರಿಗೆ ಪಡೆದಿದೆ ಅಷ್ಟೆ. ನೀರಿನಲ್ಲೇ ಕೊಳೆಯಲು ಬಿಟ್ಟರೆ ಕೆರೆಗೆ ತೀರಿಸುತ್ತದೆ. ಕಿತ್ತು ದಡದಲ್ಲೇ ರಾಶಿ ಹಾಕಿದರೆ ಒಂದು ಮಳೆಗಾಲದಲ್ಲಿ ತೀರಿಸುತ್ತದೆ. ಗೊಬ್ಬರ ಮಾಡಿ ಹೊಲಕ್ಕೆ ಹಾಕಿದರೆ ಹೊಲಕ್ಕೆ ತೀರಿಸುತ್ತದೆ. ಬೇಸಗೆಯಲ್ಲಿ ಕೆರೆಯ ಗೋಡು ಹೊತ್ತು ಹೊಲಕ್ಕೆ ಹಾಕುವುದು ನಮ್ಮ ಹಿರಿಯರ ಒಳ್ಳೆಯ ಪದ್ಧತಿ. ಆಗ ಆ ಗೋಡಿನಲ್ಲಿ ನಿಕ್ಕಲ್, ಕ್ಯಾಡ್ಮಿಯಂ ತುಂಬಿರಲಿಲ್ಲ. 2020ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸ ಶುರುವಾಯಿತು. ಹೂಳಿಗೂ ಕಳೆಗೂ ಒಂದೇ ನಿಯಮ ಇರಬೇಕು: ಅಳೆದ ಮೇಲೆ ಎಲ್ಲಿಗೆ ಎಂದು ತೀರ್ಮಾನ, ಸಾಗಿಸಿದ ಮೇಲೆ ಅಳತೆಯಲ್ಲ.

ಮಾರತ್ತಹಳ್ಳಿ, ಮುನ್ನೇಕೊಳಾಲ, ಪಣತ್ತೂರು, ವರ್ತೂರು ಕೋಡಿಯ ಆಸುಪಾಸಿನಲ್ಲಿ ಇರುವವರು ಕೆರೆ ಪಕ್ಕದಲ್ಲಿ ಕಿತ್ತ ಕಳೆಯ ರಾಶಿ ಕಂಡರೆ ಸಂಬಂಧಪಟ್ಟವರನ್ನು ಕೇಳಿ: ಇದು ಎಲ್ಲಿಗೆ ಹೋಗುತ್ತದೆ? ಬೇರನ್ನು ಬೇರೆಯಾಗಿ ಅಳೆದಿದ್ದೀರಾ? ಅಂಕಿ ಒಣತೂಕದ್ದೋ ಹಸಿತೂಕದ್ದೋ? ಖಾಲಿ ಪಾತ್ರೆಯಲ್ಲಿ ಎಷ್ಟು ಬಂತು, ಸಾಕ್ಷಿಪುಡಿಯಲ್ಲಿ ಎಷ್ಟು ಬಂತು? ಕ್ರೋಮಿಯಂ ಯಾವ ದರ್ಜೆಯದು? ಉತ್ತರ ಬರುವ ಮೊದಲೇ ಮಳೆ ಬರುವ ಹಾಗಿದ್ದರೆ, ಆ ರಾಶಿಯನ್ನು ಕೆರೆಯ ಅಂಚಿನಿಂದ ದೂರ ಸಾಗಿಸುವಂತೆ ಒತ್ತಾಯ ಮಾಡಿ.